ಪಣ್ಣೈಪುರದ ರಾಜ, ಲೈಪ್ಸಿಗ್‌ನ ಬಾಖ್

ಬರೋಕ್ ಕಾಲದ ಚರ್ಚ್ ಗಾಯನದ ಧ್ವನಿಮುದ್ರಿಕೆಗಳನ್ನು ಕಂಬಂ ಕಣಿವೆಯ ಕಡೆಯಿಂದ ಕೇಳಿದಾಗ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಉತ್ತಮಪಾಳಯಂನಿಂದ ಕೋಂಬೈ ದಾಟಿ ದೇವಾರಂ ಕಡೆಗೆ ಹೊರಟರೆ ಘಟ್ಟದ ಬುಡದಲ್ಲಿ ಪಣ್ಣೈಪುರಂ ಸಿಗುತ್ತದೆ. ಭತ್ತದ ಗದ್ದೆ, ದ್ರಾಕ್ಷಿ ಚಪ್ಪರಗಳ ಸೀಮೆ. ಈ ಕಣಿವೆಯ ಕಾಪ್ಪಿಲಿಯರ್ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. 1943ರಲ್ಲಿ ಪಣ್ಣೈಪುರದಲ್ಲಿ ಹುಟ್ಟಿದ ಹುಡುಗ ಮುಂದೆ ಚಿತ್ರಸಂಗೀತದ ಇಳಯರಾಜ ಆದರು. ಹದಿನೆಂಟನೇ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಹೆಸರು ಕೇಳಿರದ ಲಕ್ಷಾಂತರ ಕಿವಿಗಳಿಗೆ ಬಾಖ್‌ನ ಕಸುಬನ್ನು ತಲುಪಿಸಿದವರು ಇವರೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಅಣ್ಣ ಪಾವಲರ್ ವರದರಾಜನ್ ಅವರ ತಂಡದಲ್ಲಿ ಊರೂರು ಸುತ್ತಿ ಹಾಡುತ್ತಿದ್ದ ಅವರು 1960ರ ದಶಕದ ಕೊನೆಗೆ ಮದರಾಸು ಸೇರಿದರು. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ ಕಲಿತರು. ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. ಅವರೇ ಸಂಗೀತ ನೀಡಿದ 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ಮತ್ತೊಮ್ಮೆ ಕೇಳಿ ನೋಡಿ. ಗಾಯಕರನ್ನು ಬಿಟ್ಟು ಕೆಳಗಿನ ಬೇಸ್ ಗಿಟಾರನ್ನಷ್ಟೇ ಹಿಂಬಾಲಿಸಿ. ಅದು ಹಾಡಿಗೆ ಬರೀ ತಾಳ ಹಾಕುತ್ತಿಲ್ಲ, ತನ್ನದೇ ಇನ್ನೊಂದು ರಾಗ ಹಾಡಿಕೊಂಡು ಹೋಗುತ್ತಿದೆ.

ಬಾಖ್‌ನ ಗುಟ್ಟೂ ಇದೇ. ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಬಾಖ್‌ನ ಗಾಯನಮೇಳದಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳಿಗೆ ನಾಲ್ಕು ದಾರಿ. ಫ್ಯೂಗ್ ಬಂತೆಂದರೆ ಒಂದು ದನಿ ಎತ್ತಿದ ಸೊಲ್ಲನ್ನು ಸ್ವಲ್ಪ ತಡೆದು ಎರಡನೆಯದು ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು. ಅಷ್ಟರಲ್ಲಿ ಮೊದಲನೆಯದು ಎಲ್ಲೋ ಮುಂದೆ ಹೋಗಿರುತ್ತದೆ. ಆದರೂ ಯಾರೂ ಯಾರನ್ನೂ ತುಳಿಯುವುದಿಲ್ಲ. 1986ರ ‘ಹೌ ಟು ನೇಮ್ ಇಟ್?’ ಮುದ್ರಿಕೆಯನ್ನು ಇಳಯರಾಜ ತ್ಯಾಗರಾಜರಿಗೂ ಬಾಖ್‌ನಿಗೂ ಅರ್ಪಿಸಿದರು. ಅದರ ‘ಐ ಮೆಟ್ ಬಾಖ್ ಇನ್ ಮೈ ಹೌಸ್’ನಲ್ಲಿ ಬಾಖ್‌ನ ಪಿಟೀಲು ಪಾರ್ಟಿಟಾವೊಂದರ ಪೀಠಿಕೆಯೇ ಬಂದು ಕೂತಿದೆ.

ಹಿಗ್ಗಿದ ಮೇಳ, ಕುಗ್ಗಿದ ಮೇಳ

ಬಾಖ್‌ನ ಪವಿತ್ರ ಗಾಯನ ತಟ್ಟೆಗೆ ಇಳಿದ ಕಥೆ ನೂರು ವರ್ಷದ್ದು. ‘ಬಿ ಮೈನರ್ ಮಾಸ್’ ಎಂಬ ಪೂಜಾಗಾಯನ ಇಡಿಯಾಗಿ ಮೊದಲು ಧ್ವನಿಮುದ್ರಣಗೊಂಡದ್ದು 1929ರಲ್ಲಿ, ಲಂಡನ್ನಿನಲ್ಲಿ, ಆಲ್ಬರ್ಟ್ ಕೋಟ್ಸ್ ನಿರ್ದೇಶನದಲ್ಲಿ. ನಾಲ್ಕೈದು ನಿಮಿಷಕ್ಕೊಮ್ಮೆ ಮಗುಚಿ ಹಾಕಬೇಕಾದ 78 ಆರ್‌ಪಿಎಂ ತಟ್ಟೆಗಳ ಕಾಲ ಅದು. 1958ರಲ್ಲಿ ಮ್ಯೂನಿಕ್‌ನ ಕಾರ್ಲ್ ರಿಕ್ಟರ್, ಕ್ರಿಸ್ತನ ಯಾತನೆಯ ಕಥೆ ಹಾಡುವ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮುದ್ರಿಸಿದರು. ದೊಡ್ಡ ಮೇಳ, ನಿಧಾನದ ನಡೆ. 1727ರಲ್ಲಿ ಲೈಪ್ಸಿಗ್‌ಗಾಗಿ ಬರೆದ ಈ ಕೃತಿ ಎರಡು ಮೇಳಗಳ ಪ್ರಶ್ನೋತ್ತರದಿಂದ ಆರಂಭವಾಗುತ್ತದೆ. ರಿಕ್ಟರ್ ಕೈಯಲ್ಲಿ ಅದು ಇಡೀ ಊರು ಅಳುತ್ತಾ ಬಂದ ಹಾಗೆ ಕೇಳಿಸುತ್ತದೆ. ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಈ ಮುದ್ರಿಕೆಯನ್ನೇ.

ಆದರೆ ಅಲ್ಲಿಗೇ ನಿಲ್ಲಬೇಡಿ. 1968ರಲ್ಲಿ ನಿಕೊಲಾಸ್ ಹಾರ್ನೊನ್‌ಕೋರ್ಟ್ ಬಾಖ್‌ನ ಕಾಲದ ವಾದ್ಯಗಳಲ್ಲೇ ‘ಬಿ ಮೈನರ್ ಮಾಸ್’ ನುಡಿಸಿದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಜೋಶುವಾ ರಿಫ್ಕಿನ್ ಇನ್ನೂ ಮುಂದೆ ಹೋಗಿ, ಬಾಖ್‌ನ ಮೇಳದಲ್ಲಿ ಒಂದೊಂದು ದನಿಗೆ ಒಬ್ಬೊಬ್ಬನೇ ಗಾಯಕ ಇದ್ದನೆಂದು ವಾದಿಸಿ, ಹಾಗೆಯೇ ಮುದ್ರಿಸಿಯೂ ತೋರಿಸಿದರು. ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಕೇಳುಗನಾಗಿ ನನಗಂತೂ ಸಂಶಯವಿಲ್ಲ: ಮೇಳ ಕುಗ್ಗಿದಷ್ಟೂ ಮಾತು ಬೆಳಗುತ್ತದೆ. ಪ್ರಾರ್ಥನೆಗೆ ಮಾತೇ ಜೀವ.

ಜಪಾನಿನ ಮಸಾಕಿ ಸುಜುಕಿ ಅವರ ಮುದ್ರಿಕೆಗಳು ನನಗೆ ಎಲ್ಲಕ್ಕಿಂತ ಇಷ್ಟ. ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ ಇರುವ ದೇಶದಲ್ಲಿ, ಕೋಬೆಯ ಒಂದು ಕಾಲೇಜು ಚಾಪೆಲ್‌ನಲ್ಲಿ, 1995ರಿಂದ 2013ರವರೆಗೆ ಬಾಖ್‌ನ ಚರ್ಚ್ ಕ್ಯಾಂಟಾಟಾಗಳನ್ನೆಲ್ಲ, ಅಂದರೆ ಆರಾಧನೆಗೆಂದು ಕಟ್ಟಿದ ಗಾಯನಗಳನ್ನೆಲ್ಲ, 55 ಸಂಪುಟಗಳಲ್ಲಿ ಅವರ ತಂಡ ಮುದ್ರಿಸಿತು. ಜರ್ಮನ್ ಮಾತಿನ ಒಂದೊಂದು ಅಕ್ಷರವೂ ಸ್ಪಷ್ಟ.

ಶಿವನ ಮುಂದೆ ಗಾಯನಮೇಳ

2005ರಲ್ಲಿ ಪಣ್ಣೈಪುರದ ರಾಜ ಇದೇ ಪವಿತ್ರ ಗಾಯನದ ಹಾದಿಗೆ ಬಂದರು. ಮಾಣಿಕ್ಕವಾಚಕರ್ ಎಂಬ ಶೈವ ಸಂತನ ‘ತಿರುವಾಸಗಂ’ ಪದ್ಯಗಳನ್ನು ಆರಿಸಿ, ಬುಡಾಪೆಸ್ಟ್ ಸಿಂಫನಿ ಆರ್ಕೆಸ್ಟ್ರಾ ಮತ್ತು ಗಾಯನಮೇಳಗಳೊಂದಿಗೆ ಮುದ್ರಿಸಿದರು. ಯೋಜನೆಯ ಹಿಂದೆ ನಿಂತವರು ಒಬ್ಬ ಕ್ರೈಸ್ತ ಪಾದ್ರಿ, ಜಗತ್ ಗ್ಯಾಸ್ಪರ್ ರಾಜ್. ಇಂಗ್ಲಿಷ್ ಸಾಲುಗಳನ್ನು ಬರೆದವರು ಬ್ರಾಡ್‌ವೇ ರಂಗಭೂಮಿಯ ಸ್ಟೀಫನ್ ಶ್ವಾರ್ಟ್ಸ್.

ಈ ಮುದ್ರಿಕೆಯ ವಾದ್ಯಬಣ್ಣ ಬರೋಕ್ ಅಲ್ಲ, ಬಾಖ್ ತೀರಿಕೊಂಡು ನೂರು ವರ್ಷದ ನಂತರದ ಯುರೋಪಿನದು. ಒಳಕಟ್ಟು ಮಾತ್ರ ಪ್ಯಾಶನ್‌ನದೇ. ತಾನು ಪಾಪಿ, ಅಲ್ಪ ಎಂದು ಒಬ್ಬನೇ ಮೊರೆಯಿಡುತ್ತಾನೆ, ಮೇಳ ಆ ಮೊರೆಯನ್ನು ಎಲ್ಲರದಾಗಿಸುತ್ತದೆ. ‘ಪೊಲ್ಲಾ ವಿನೈಯೇನ್’ ಭಾಗದಲ್ಲಿ ಇಳಯರಾಜರ ಒರಟು ಹಳ್ಳಿದನಿ ಮೇಳಕ್ಕೆ ಎದುರಾಗುವುದನ್ನು ಕೇಳಿದರೆ ಮೈ ನವಿರೇಳುತ್ತದೆ. ಕೆಲವೆಡೆ ವಾದ್ಯಗಳ ದಟ್ಟಣೆ ತಮಿಳು ಮಾತನ್ನು ಮುಚ್ಚಿಬಿಡುತ್ತದೆ ಎಂಬುದೂ ನಿಜ. ಅಲ್ಲಿ ನನಗೆ ರಿಫ್ಕಿನ್ ನೆನಪಾಗುತ್ತಾರೆ.

ಮಾಣಿಕ್ಕವಾಚಕರ್ ಮೊರೆಯಿಟ್ಟ ಶಿವನಿಗೇ ನಮ್ಮ ಬಸವಣ್ಣನೂ ಅಕ್ಕನೂ ಮೊರೆಯಿಟ್ಟರು. ಅವರ ವಚನಗಳಿಗೆ ದೊಡ್ಡ ಆರ್ಕೆಸ್ಟ್ರಾ ಬೇಕಿಲ್ಲ. ಬೆಂಗಳೂರು, ಮಂಗಳೂರಿನ ಚರ್ಚುಗಳಲ್ಲಿ ನಾಲ್ಕು ದನಿಯ ಹಾಡುಗಾರಿಕೆ ಬಲ್ಲವರಿದ್ದಾರೆ. ಎಂಟು ಜನ ಗಾಯಕರು, ಒಂದೆರಡು ತಂತಿವಾದ್ಯ, ಮಾತಿನ ಹದ ಬಲ್ಲ ಒಬ್ಬ ಸಂಯೋಜಕ ಸಾಕು. ಕನ್ನಡದ ಸಂಯೋಜಕರೇ, ವಚನಗಳ ಅಂಥದೊಂದು ಮುದ್ರಿಕೆಯನ್ನು ಮಾಡಿಕೊಡಿ.