ಬೆಳಗಿದ ರೆಕ್ಕೆ, ಬಳಿದ ಬಣ್ಣ

ಹಬ್ಬದ ಹಿಂದಿನ ದಿನ ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಹೊರಮೈಯನ್ನು ಎಷ್ಟು ತಿಕ್ಕಿದರೂ ಕೇಡಿಲ್ಲ. ಒಂದು ಪದರ ಸವೆದರೆ ಅದೇ ಲೋಹದ ಇನ್ನೊಂದು ಪದರ ಹೊಳೆಯುತ್ತದೆ. ಆದರೆ ಕಲಾಯಿ ಹಾಕಿಸಿದ ಒಳಮೈಯನ್ನು ಯಾವ ಗೃಹಿಣಿಯೂ ಹಾಗೆ ತಿಕ್ಕಲಾರಳು. ತವರದ ಆ ತೆಳುಲೇಪ ಸವೆದರೆ ಹುಳಿ ಹಾಕಿದ ಅಡಿಗೆಗೆ ಕಿಲುಬು ಸೇರುತ್ತದೆಂಬುದನ್ನು ಆಕೆ ಬಲ್ಲಳು. ಕಾಪಾಡುವ ಪದರ ಯಾವುದು, ಬರಿಯ ಕೊಳೆ ಯಾವುದು ಎಂಬ ಈ ವಿವೇಕವೇ ಆಕಾಶದಲ್ಲಿ ಹಾರುವ ವಿಮಾನದ ಮೈಗೂ ಬೇಕಾಗುತ್ತದೆ ಎಂದರೆ ಓದುಗರಿಗೆ ಅಚ್ಚರಿಯೆನಿಸಬಹುದು.

ಅಮೆರಿಕದಲ್ಲಿ ತಮ್ಮ ಮನೆಯ ಕಾರುಕೊಟ್ಟಿಗೆಯಲ್ಲಿಯೇ ವಿಮಾನ ಕಟ್ಟುವ ಸಾಮಾನ್ಯ ಗೃಹಸ್ಥರು ಬಹು ಮಂದಿ ಇದ್ದಾರೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿಯಲ್ಲಿ ಇಂಥವರದೊಂದು ಸಂಘವನ್ನು ಸ್ಥಾಪಿಸಿದರು. 1970ರಿಂದ ಅದರ ವಾರ್ಷಿಕ ಮೇಳದ ನೆಲೆ ಅದೇ ಪ್ರಾಂತದ ಆಷ್‌ಕಾಷ್ ಊರು. ಅಲ್ಲಿಯ ಕಾನೂನಿನಂತೆ, ಕಟ್ಟುವ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳು ಸ್ವತಃ, ತಮ್ಮ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ಮಾಡಿರಬೇಕು. ಅಂಥ ವಿಮಾನದ ಬಾಗಿಲ ಬಳಿ ‘ಪ್ರಾಯೋಗಿಕ’ ಎಂಬರ್ಥದ ಪದವನ್ನು 2 ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಬರೆಯುವುದು ಕಡ್ಡಾಯ. ಆರೆಗಾನ್ ಪ್ರಾಂತದ ರಿಚರ್ಡ್ ವಾನ್‌ಗ್ರನ್ಸ್‌ವೆನ್ ಅವರು 1973ರಲ್ಲಿ ಆರಂಭಿಸಿದ ಸಂಸ್ಥೆಯೊಂದರ ಅಲ್ಯೂಮಿನಿಯಂ ಬಿಡಿಭಾಗಗಳಿಂದಲೇ ಸಾವಿರಾರು ವಿಮಾನಗಳು ಸಿದ್ಧವಾಗಿ ಹಾರಿವೆ. ಇಬ್ಬರು ಕೂರುವ ಒಂದು ವಿಮಾನಕ್ಕೆ ಹತ್ತು ಸಾವಿರಕ್ಕೂ ಮಿಕ್ಕ ರಿವೆಟ್ಟುಗಳು ಬೇಕು. ವರ್ಷಗಟ್ಟಲೆ ದುಡಿದು ಇಷ್ಟನ್ನೂ ಬಡಿದ ಮೇಲೆ ಉಳಿಯುವ ಕೊನೆಯ ಕೆಲಸವೆಂದರೆ ಮೈಗೆ ಬಣ್ಣ ಬಳಿಯುವುದು, ಇಲ್ಲವೆ ಲೋಹವನ್ನು ಕನ್ನಡಿಯಂತೆ ಬೆಳಗುವುದು. ಇದು ಕೇವಲ ಅಲಂಕಾರವೆಂದು ಮೇಲ್ನೋಟಕ್ಕೆ ತೋರುತ್ತದೆ. ಹಾಗಲ್ಲವೆಂಬುದನ್ನು ತಿಳಿಸುವುದೇ ನಮ್ಮ ಈ ಲೇಖನದ ಉದ್ದೇಶ.

ಮೊದಲು ಲೋಹದ ವಿಚಾರ. ಶುದ್ಧ ಅಲ್ಯೂಮಿನಿಯಂ ಗಾಳಿಗೆ ತೆರೆದೊಡನೆ ತನ್ನ ಮೇಲೆ ತಾನೇ ಒಂದು ಆಕ್ಸೈಡಿನ ಪೊರೆಯನ್ನು ಹೊದ್ದುಕೊಂಡು ಸುರಕ್ಷಿತವಾಗಿರುತ್ತದೆ. ಆದರೆ ಅದು ಬಲು ಮೆದು, ರೆಕ್ಕೆಯ ಭಾರವನ್ನು ಹೊರಲಾರದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹತಜ್ಞನು 1906ರ ಸುಮಾರಿಗೆ ಕಂಡುಕೊಂಡ ಉಪಾಯವೇನೆಂದರೆ, ಅಲ್ಯೂಮಿನಿಯಮಿಗೆ ಶೇಕಡಾ 4ರಷ್ಟು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮನ್ನೂ ಬೆರೆಸಿ, ಕಾಯಿಸಿ, ನೀರಿನಲ್ಲಿ ತಣಿಸಿ ಇಟ್ಟರೆ ಅದು ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದು. ಬಲವೇನೋ ಬಂದಿತು, ಆದರೆ ಬಲ ತಂದ ತಾಮ್ರವೇ ಲೋಹಕ್ಕೆ ಶತ್ರುವೂ ಆಯಿತು. ತೇವ ತಗಲಿದಾಗ ತಾಮ್ರಾಂಶವಿರುವ ಕಣಗಳ ಸುತ್ತ ಅಲ್ಯೂಮಿನಿಯಂ ಕರಗಿ ಕುಳಿ ಬೀಳಲಾರಂಭಿಸಿತು.

ಇದಕ್ಕೆ ಪರಿಹಾರವೇ ಒಂದು ಬಗೆಯ ಕಲಾಯಿ. 1920ರ ದಶಕದಲ್ಲಿ ಅಮೆರಿಕದ ತಜ್ಞರು ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಮಿನ ಹೊದಿಕೆಯಿಟ್ಟು ಒಟ್ಟಿಗೆ ಲಟ್ಟಿಸಿದ ತಗಡನ್ನು ಸಿದ್ಧಪಡಿಸಿದರು. ಅದರ ಹೆಸರು ಆಲ್‌ಕ್ಲಾಡ್. ಮನೆಯಲ್ಲಿ ಕಟ್ಟುವ ಲೋಹದ ವಿಮಾನಗಳ ಮೈಗೆ ಇಂದಿಗೂ ಬಳಸುವುದು ಹೆಚ್ಚಾಗಿ ಇದನ್ನೇ. ತಗಡಿನ ಒಟ್ಟು ದಪ್ಪ ಸುಮಾರು 0.6 ಮಿಲಿಮೀಟರ್, ಒಂದೊಂದು ಬದಿಯ ಹೊದಿಕೆ ಅದರ ಶೇಕಡಾ 5, ಅಂದರೆ 0.03 ಮಿಲಿಮೀಟರ್. ತಲೆಗೂದಲಿನ ಸುಮಾರು ಅರ್ಧದಷ್ಟು ದಪ್ಪದ ಈ ಪದರವೇ ವಿಮಾನದ ಕವಚ, ಹೊಳೆಯುವುದೂ ಇದೇ ಪದರ. ಆದ್ದರಿಂದ ಬೆಳಗುವವನು ತನ್ನ ವಿಮಾನದ ಕವಚವನ್ನೇ ತುಸುತುಸುವಾಗಿ ತೇಯುತ್ತಿರುತ್ತಾನೆ ಎಂಬುದನ್ನು ಮರೆಯುವಂತಿಲ್ಲ.

ಈ ಕಾರಣದಿಂದಲೇ ಅಲ್ಲಿ ಮರಳು ಕಾಗದಕ್ಕೆ ಪ್ರವೇಶವಿಲ್ಲ. ಮೊದಲು ಮೈಯ ಜಿಡ್ಡನ್ನೂ ಧೂಳನ್ನೂ ಸಂಪೂರ್ಣವಾಗಿ ತೊಳೆಯುತ್ತಾರೆ. ಉಳಿದ ಒಂದು ಮರಳಿನ ಕಣವೂ ಉದ್ದಕ್ಕೆ ಗೀರೆಳೆಯಬಲ್ಲದು. ಬಳಿಕ ನಯವಾದ ಪಾಲಿಶನ್ನು ಅಂಗೈಯಗಲದಷ್ಟು ಜಾಗಕ್ಕೆ ಹಚ್ಚಿ, ಉಣ್ಣೆಯ ಬಿಲ್ಲೆ ತಿರುಗುವ ಯಂತ್ರದಿಂದ ಉಜ್ಜುತ್ತಾರೆ. ಪಾಲಿಶ್ ಕೂಡಲೇ ಕಾಡಿಗೆಯಂತೆ ಕಪ್ಪಾಗುತ್ತದೆ. ಅದು ಕೊಳೆಯಷ್ಟೇ ಅಲ್ಲ, ಸವೆದುಬಂದ ಲೋಹವೂ ಹೌದು. ಇನ್ನೂ ನಯವಾದ ಪಾಲಿಶಿನಿಂದ ಅದೇ ಕೆಲಸವನ್ನು ಮತ್ತೆ ಮಾಡಿ, ಕೊನೆಗೆ ಮೆತ್ತನೆಯ ಬಟ್ಟೆ ಸುತ್ತಿದ ಯಂತ್ರದಿಂದ ಸುಳಿಸುಳಿಯಾದ ಗೆರೆಗಳನ್ನು ಅಳಿಸುತ್ತಾರೆ. ಒಂದು ಪುಟ್ಟ ವಿಮಾನಕ್ಕೆ ನೂರು ಗಂಟೆಯ ದುಡಿಮೆ ಹಿಡಿಯುವುದು ಅಪರೂಪವಲ್ಲ. ಸಂದುಗಳಲ್ಲಿಯೂ ರಿವೆಟ್ಟುಗಳ ಅಂಚಿನಲ್ಲಿಯೂ ಕುಳಿತ ಪಾಲಿಶನ್ನು ತಪ್ಪದೆ ತೆಗೆಯಬೇಕು. ಬಿಟ್ಟರೆ ಅದು ತೇವವನ್ನು ಹಿಡಿದಿಟ್ಟುಕೊಂಡು ಲೋಹವನ್ನು ತಿನ್ನಿಸುತ್ತದೆ. ಇಷ್ಟಾದರೂ ಹೊಳಪು ಶಾಶ್ವತವಲ್ಲ. ಕಾಲಕಾಲಕ್ಕೆ ಮತ್ತೆ ಬೆಳಗಬೇಕು.

ಹಾಗಾದರೆ ಇಡೀ ಮೈಗೆ ಬಣ್ಣವನ್ನೇ ಬಳಿಯಬಾರದೇಕೆ? ಬಣ್ಣಕ್ಕೆ ತೂಕವಿದೆ. ಇಬ್ಬರು ಕೂರುವ ವಿಮಾನದ ಮೈತುಂಬ ಬಳಿದ ಬಣ್ಣ ಹತ್ತು ಕಿಲೋಗ್ರಾಂ ತೂಗಬಹುದು. ಅದು ಸುಮಾರು 14 ಲೀಟರ್ ಪೆಟ್ರೋಲಿನ ತೂಕ, ಅಂದರೆ ಅಂಥ ವಿಮಾನದ ಅರ್ಧ ಗಂಟೆಯ ಹಾರಾಟದ ಇಂಧನ. ಅಮೆರಿಕದ ಬಾಹ್ಯಾಕಾಶ ನೌಕೆಯ ಹೊರ ಇಂಧನ ತೊಟ್ಟಿಗೆ ಮೊದಲೆರಡು ಯಾನಗಳಲ್ಲಿ ಬಿಳಿ ಬಣ್ಣವಿತ್ತು; 1982ರ ಮೂರನೆಯ ಯಾನದಿಂದ ಅದನ್ನು ಕೈಬಿಟ್ಟು ಸುಮಾರು 270 ಕಿಲೋಗ್ರಾಂ ಉಳಿಸಿದರು.

ಆದರೆ ಬಣ್ಣವನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಎಂಜಿನ್ನಿನ ಮುಸುಕು, ರೆಕ್ಕೆಯ ತುದಿ, ಗಾಲಿಗಳ ಕವಚ ಮುಂತಾದವು ಗಾಜಿನ ನಾರು ಮತ್ತು ರಾಳದಿಂದ ಮಾಡಿದವು. ಅವು ಬೆಳಗಿದರೆ ಹೊಳೆಯವು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಅವುಗಳ ರಾಳ ಹಾಳಾಗದಂತೆ ಬಣ್ಣವೇ ಕಾಯಬೇಕು. ಇಡಿಯಾಗಿ ನಾರಿನಿಂದಲೇ ಮಾಡಿದ ವಿಮಾನಗಳು ಬಹುಮಟ್ಟಿಗೆ ಬಿಳಿಯಾಗಿರುವುದೂ ಇದಕ್ಕೇ ಸಂಬಂಧಿಸಿದ ವಿಚಾರ. ಕಡುಬಣ್ಣ ಬಿಸಿಲನ್ನು ಹೀರಿದರೆ ರಾಳ ಕಾದು ಮೆದುವಾಗುತ್ತದೆ. ಅಂಥ ವಿಮಾನಗಳನ್ನು ಜನಪ್ರಿಯಗೊಳಿಸಿದವರು ಬರ್ಟ್ ರುಟಾನ್. ಅವರ ಲಾಂಗ್-ಈಜೀ ಎಂಬ ವಿನ್ಯಾಸವನ್ನು ಆಧರಿಸಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1987ರಲ್ಲಿ ಹಗುರ ವಿಮಾನವೊಂದನ್ನು ಹಾರಿಸಿತೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು.

ಹೀಗಾಗಿ ಲೋಹದ ವಿಮಾನ ಕಟ್ಟುವವರಲ್ಲಿ ಕೆಲವರು ನಡುದಾರಿ ಹಿಡಿಯುತ್ತಾರೆ: ನಾರಿನ ಭಾಗಗಳಿಗೆ ಬಣ್ಣ, ಲೋಹದ ಭಾಗಗಳಿಗೆ ಹೊಳಪು, ಎರಡೂ ಕೂಡುವಲ್ಲಿ ಒಂದು ಪಟ್ಟಿ. ಬಣ್ಣ ಬಳಿಯುವ ಲೋಹಕ್ಕೆ ಬೇರೆಯೇ ಸಂಸ್ಕಾರ ಬೇಕು. ನುಣುಪಾದ ಮೈಯ ಮೇಲೆ ಬಣ್ಣ ನಿಲ್ಲದು. ಅದನ್ನು ಹದವಾಗಿ ಒರಟುಗೊಳಿಸಿ, ರಾಸಾಯನಿಕದಲ್ಲಿ ತೊಳೆದು, ಮೊದಲ ಲೇಪ ಕೊಟ್ಟ ಬಳಿಕವೇ ಮೇಲಿನ ಬಣ್ಣ. ಪಾಲಿಯುರೆಥೇನ್ ಬಣ್ಣದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಘಾತಕವಾದುದರಿಂದ, ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಬಾರದು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು. ವಿಮಾನವನ್ನು ಏರಿಸಿ, ಇಳಿಸಿ, ಓರೆಯಾಗಿಸುವ ಫಲಕಗಳು ಬಾಗಿಲಿನಂತೆ ಕೀಲುಗಳ ಮೇಲೆ ತಿರುಗುತ್ತವೆ. ಕೀಲಿನ ಹಿಂದಿನ ಭಾರವನ್ನು ಸರಿದೂಗಿಸಲು ಮುಂದೆ ಸೀಸದಂಥ ತೂಕವನ್ನು ಕೂಡಿಸಿರುತ್ತಾರೆ. ಬೆರಳಿನ ಮೇಲೆ ಅಳತೆಪಟ್ಟಿಯನ್ನು ನಿಲ್ಲಿಸಿ ಆಡುವ ನಮ್ಮ ಮಕ್ಕಳಿಗೂ ಈ ತತ್ತ್ವ ಗೊತ್ತು: ನಡುವಿನಿಂದ ದೂರ ಹೋದಷ್ಟೂ ಚೂರು ತೂಕವೂ ಪಟ್ಟಿಯನ್ನು ವಾಲಿಸುತ್ತದೆ. ಫಲಕದ ಬಹುಪಾಲು ಕೀಲಿನ ಹಿಂದಿರುವುದರಿಂದ ಬಣ್ಣದ ಭಾರವೂ ಹಿಂದೆಯೇ ಬೀಳುತ್ತದೆ. ಸಮತೂಕ ಕೆಟ್ಟ ಫಲಕವು ವೇಗ ಹೆಚ್ಚಿದಾಗ ಗಾಳಿಗೆ ಸಿಕ್ಕ ಬಾವುಟದಂತೆ ಫಡಫಡಿಸಬಹುದು. ಫ್ಲಟರ್ ಎನ್ನಿಸಿಕೊಳ್ಳುವ ಆ ನಡುಕ ಕೆಲವೇ ಕ್ಷಣಗಳಲ್ಲಿ ರೆಕ್ಕೆಯನ್ನಾಗಲಿ ಬಾಲವನ್ನಾಗಲಿ ಮುರಿದುಹಾಕಬಲ್ಲದು. ಹಲವರು ಮೊದಲು ಬಣ್ಣವಿಲ್ಲದೆಯೇ ಹಾರಿಸಿ ನೋಡಿ, ಎಲ್ಲವೂ ಸರಿಯಿದೆಯೆಂದು ಕಂಡ ಮೇಲೆ ಬಣ್ಣಕ್ಕೆ ಕೈಹಾಕುತ್ತಾರೆ. ಸರಿಯಾಗಿ ಹಾರಿದ ವಿಮಾನ ಕೆಡಬಹುದಾದ ಘಳಿಗೆ ಅದೇ. ಆದ್ದರಿಂದ ಬಣ್ಣ ಒಣಗಿದ ಮೇಲೆ ಪ್ರತಿ ಫಲಕದ ಸಮತೂಕವನ್ನೂ ಇಡೀ ವಿಮಾನದ ತೂಕವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಇನ್ನೊಂದು ಅಪಾಯ ಅಂಟುಪಟ್ಟಿಯದು. ವಿಮಾನದ ಪಕ್ಕೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಎತ್ತರ ಮತ್ತು ವೇಗವನ್ನು ತೋರಿಸುವ ಮಾಪಕಗಳು ಹೊರಗಿನ ಗಾಳಿಯ ಒತ್ತಡವನ್ನು ಅರಿಯುವುದು ಅವುಗಳ ಮೂಲಕ. ತೊಳೆಯುವಾಗ, ಬೆಳಗುವಾಗ, ಬಣ್ಣ ಬಳಿಯುವಾಗ ಅವುಗಳೊಳಗೆ ಏನೂ ಹೋಗದಂತೆ ಮುಚ್ಚುವುದುಂಟು. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ನಡುರಾತ್ರಿಯ ಬಳಿಕ ಹೊರಟ ಏರೋಪೆರು ಸಂಸ್ಥೆಯ ಬೋಯಿಂಗ್ 757 ವಿಮಾನದಲ್ಲಿ, ತೊಳೆದು ಬೆಳಗುವಾಗ ಅಂಟಿಸಿದ್ದ ಪಟ್ಟಿ ಹಾಗೆಯೇ ಉಳಿದುಬಿಟ್ಟಿತ್ತು. ಕತ್ತಲೆಯ ಸಮುದ್ರದ ಮೇಲೆ ಮಾಪಕಗಳು ಸುಳ್ಳು ಹೇಳಿದವು. ರೆಕ್ಕೆ ನೀರಿಗೆ ತಾಗಿದಾಗಲೂ ಎತ್ತರಮಾಪಕ ಸುಮಾರು 9,700 ಅಡಿಯೆಂದು ತೋರಿಸುತ್ತಿತ್ತು. ಅದರಲ್ಲಿದ್ದ 70 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಕುಶಲ ಕೆಲಸಗಾರರು ನೋಡಿಕೊಳ್ಳುತ್ತಿದ್ದ ದೊಡ್ಡ ಸಂಸ್ಥೆಯ ವಿಮಾನ. ಕೊಟ್ಟಿಗೆಯಲ್ಲಿ ಒಬ್ಬನೇ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಮನೆಯಲ್ಲಿ ಕಟ್ಟಿದ ವಿಮಾನವು ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಮುಗಿಸುವ ತನಕ ವಿನೋದಕ್ಕೆಂದು ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಅನೇಕ ವೇಳೆ ಮೊದಲು ಅದರಲ್ಲಿ ಕೂರುವವನು ಕಟ್ಟಿದವನೇ. ಆಮೇಲೆ ಕೂರುವವರು ಅವನ ಹೆಂಡತಿ, ಮಕ್ಕಳು. ವರ್ಷಗಳ ದುಡಿಮೆ ಮುಗಿಯುತ್ತ ಬಂದಾಗ ಕೈ ದಣಿದಿರುತ್ತದೆ, ಮನಸ್ಸು ಆಗಲೇ ಆಕಾಶದಲ್ಲಿರುತ್ತದೆ. ಆ ಹೊತ್ತಿನಲ್ಲಿ ಬೆಳಗಿದ ಮೈಯಲ್ಲಿ ತನ್ನ ಮುಖ ಕಂಡು ಹಿಗ್ಗುವುದು ಸಹಜವೇ. ಆದರೂ ಒಮ್ಮೆ ಬಗ್ಗಿ, ಪಕ್ಕೆಯ ಆ ಸಣ್ಣ ರಂಧ್ರಗಳು ತೆರೆದಿವೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆಯೇ ಅವನ ಕೆಲಸ ಮುಗಿಯಿತೆನ್ನಬೇಕು.