ವಾಕಿಂಗ್ ಸರಿ, ಬಸ್ಕಿ ಎಲ್ಲಿ?

ರಾಬರ್ಟ್ ಹಿಕ್ಸನ್ ಎಂಬ ತರುಣ ವಿಜ್ಞಾನಿಗೆ ಭಾರ ಎತ್ತುವ ಹುಚ್ಚು. 1970ರ ದಶಕದಲ್ಲಿ ಆತ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಜಾನ್ ಹಾಲೋಝಿ ಅವರ ಪ್ರಯೋಗಾಲಯಕ್ಕೆ ಸೇರಿದ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳ ಸಾಮರ್ಥ್ಯ ಓಡುವ ಇಲಿಗಳ ಸ್ನಾಯುಗಳಲ್ಲಿ ಹೆಚ್ಚುತ್ತದೆ ಎಂದು 1967ರಲ್ಲಿ ತೋರಿಸಿಕೊಟ್ಟವರು ಈ ಹಾಲೋಝಿ. ಸ್ವತಃ ಓಟದ ಪ್ರೇಮಿ. ಗುರುಗಳ ಜೊತೆ ಶಿಷ್ಯನೂ ಓಡತೊಡಗಿದ. ಕಷ್ಟಪಟ್ಟು ಬೆಳೆಸಿದ್ದ ಮೈಕಟ್ಟು ನೋಡನೋಡುತ್ತಿದ್ದಂತೆ ಇಳಿಯಿತು.

ಹೀಗೇಕೆ ಎಂದು ಹಿಕ್ಸನ್ ಮುಂದೆ ತಾನೇ ಒಂದು ಪ್ರಯೋಗ ನಡೆಸಿ 1980ರಲ್ಲಿ ಪ್ರಕಟಿಸಿದ. ಒಂದು ಗುಂಪು ವಾರಕ್ಕೆ 5 ದಿನ ಭಾರ ಎತ್ತಿತು. ಇನ್ನೊಂದು 6 ದಿನ, ದಿನಕ್ಕೆ ಸುಮಾರು 40 ನಿಮಿಷ ಓಟ, ಸೈಕಲ್ ತುಳಿತ. ಮೂರನೆಯದಕ್ಕೆ ಎರಡೂ. ಏಳನೇ ವಾರದ ತನಕ ಮೂರನೇ ಗುಂಪಿನ ಕಾಲ್ಬಲ ಭಾರ ಎತ್ತುವವರಷ್ಟೇ ಏರಿತು. ಆಮೇಲೆ ನಿಂತಿತು, ಒಂಬತ್ತು, ಹತ್ತನೇ ವಾರಗಳಲ್ಲಿ ಇಳಿಯಿತು. ದಮ್ಮಿಗೆ ಮಾತ್ರ ಏನೂ ಧಕ್ಕೆಯಾಗಲಿಲ್ಲ.

ಓಡಿದರೆ ಸ್ನಾಯು ಕರಗುತ್ತದೆ ಎಂದು ಜಿಮ್‌ಗಳಲ್ಲಿ ಇವತ್ತಿಗೂ ಹೆದರಿಸುವುದರ ಹಿಂದೆ ಈ ಪ್ರಯೋಗದ ನೆರಳಿದೆ. ಇದಕ್ಕೆ ಜೀವಕೋಶದ ಮಟ್ಟದ ವಿವರಣೆಯೂ ಆಮೇಲೆ ಸಿಕ್ಕಿತು. ಇಂಧನ ಕಡಿಮೆಯಾದಾಗ ಚುರುಕಾಗುವ ಎಎಂಪಿಕೆ ಎಂಬ ಕಿಣ್ವ, ಪ್ರೋಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಎಂಟಾರ್ ಎಂಬ ಇನ್ನೊಂದನ್ನು ಅದುಮಬಲ್ಲದು. ಆದರೆ ಹಿಕ್ಸನ್ ಲೆಕ್ಕವನ್ನು ಮತ್ತೊಮ್ಮೆ ನೋಡಿ: ವಾರಕ್ಕೆ ಹನ್ನೊಂದು ಸಲ ಬೆವರು ಹರಿಸಬೇಕು. ಸಂಸಾರವಂದಿಗರು ಯಾರು ಹಾಗೆ ಮಾಡುತ್ತಾರೆ? ಮಿತವಾಗಿ ಎರಡನ್ನೂ ಬೆರೆಸಿದಾಗ ಸ್ನಾಯುವಿನ ಗಾತ್ರಕ್ಕೂ ಬಲಕ್ಕೂ ಹೇಳಿಕೊಳ್ಳುವಂಥ ನಷ್ಟ ಕಾಣುವುದಿಲ್ಲ ಎನ್ನುತ್ತವೆ ಈಚಿನ ಅಧ್ಯಯನಗಳು. ಛಂಗನೆ ನೆಗೆಯುವ ಸ್ಫೋಟಕ ಶಕ್ತಿ ಕೊಂಚ ತಗ್ಗಬಹುದು, ಅಷ್ಟೇ. ಅದರ ಚಿಂತೆ ಕ್ರೀಡಾಪಟುಗಳಿಗಿರಲಿ.

ಬೆರೆಸಿದರೆ ಲಾಭವೇನು? 2010ರಲ್ಲಿ ಪ್ರಕಟವಾದ ಲೂಸಿಯಾನಾದ ಅಧ್ಯಯನವೊಂದು ಇದಕ್ಕೆ ಸೊಗಸಾದ ಉತ್ತರ ಕೊಡುತ್ತದೆ. 262 ಮಂದಿ ಟೈಪ್-2 ಮಧುಮೇಹಿಗಳು, 9 ತಿಂಗಳು. ಕೆಲವರಿಗೆ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಭಾರ ಎತ್ತುವುದು, ಕೆಲವರಿಗೆ ಎರಡೂ. ಒಟ್ಟು ಸಮಯ ಮಾತ್ರ ಹೆಚ್ಚುಕಮ್ಮಿ ಒಂದೇ. ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಖಚಿತವಾಗಿ ಇಳಿದದ್ದು ಎರಡನ್ನೂ ಮಾಡಿದವರಲ್ಲಿ ಮಾತ್ರ. ಇದರಲ್ಲಿ ಆಶ್ಚರ್ಯವಿಲ್ಲ. ಉಂಡ ಸಕ್ಕರೆಗೆ ನಮ್ಮ ಮೈಯಲ್ಲಿರುವ ದೊಡ್ಡ ಕಣಜವೆಂದರೆ ಸ್ನಾಯು. ನಡಿಗೆ ಆ ಕಣಜವನ್ನು ಖಾಲಿ ಮಾಡುತ್ತದೆ, ಭಾರ ಎತ್ತಿದರೆ ಕಣಜವೇ ಹಿರಿದಾಗುತ್ತದೆ.

ನಮ್ಮವರಲ್ಲಿ ಈ ಕಣಜ ಮೊದಲೇ ಚಿಕ್ಕದು. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯೂಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕುವ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯೂಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಯೂಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಅವರ ಮುಖ್ಯ ವ್ಯಾಯಾಮ, ಬಾಗಿಲು ಮುಚ್ಚಿಕೊಳ್ಳುವ ಮುನ್ನ ಆಸ್ಪತ್ರೆಯ ಲಿಫ್ಟಿಗೆ ಓಡುವುದು ಎಂಬ ತಮಾಷೆಯೂ ಆ ಬರಹದಲ್ಲಿತ್ತು. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಮ್ಮಿ: ನಮ್ಮ ಎಷ್ಟೋ ಮನೆಗಳ ಕಥೆ ಇದೇ. ಲಾಲ್‌ಬಾಗಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವವರೂ ಇದಕ್ಕೆ ಹೊರತಲ್ಲ.

ವಯಸ್ಸಾಯಿತು ಎನ್ನುವವರಿಗೆ ಬಾಸ್ಟನ್ನಿನ 1990ರ ಪ್ರಯೋಗವಿದೆ. ವೃದ್ಧರ ಆರೈಕೆ ಕೇಂದ್ರವೊಂದರ 10 ಮಂದಿ, ಸರಾಸರಿ ವಯಸ್ಸು 90. ಎಂಟು ವಾರ ಕಾಲಿನಿಂದ ಭಾರ ಎತ್ತಿದ್ದಕ್ಕೆ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಇದು: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕಸರತ್ತು. ಮೊದಲರ್ಧ ನಮಗೆ ಬಾಯಿಪಾಠ, ಎರಡನೆಯದು ಕಿವಿಗೇ ಬಿದ್ದಿಲ್ಲ. ಅದಕ್ಕೆ ಜಿಮ್ ಬೇಕೆಂದಿಲ್ಲ. ಗರಡಿಮನೆಯ ಬಸ್ಕಿ ಸಾಕು. ಶಾಲೆಯಲ್ಲಿ ಅದನ್ನು ಶಿಕ್ಷೆ ಮಾಡಿ ಕೆಡಿಸಿದ್ದೇವೆ. ಮಂಡಿನೋವಿದ್ದರೆ ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಕೈಗಳಿಗೆ, ಗೋಡೆಗೆ ಅಂಗೈ ಕೊಟ್ಟು ಮೈಯನ್ನು ದೂಡುವುದು. ಒಂದೇ ಹೊತ್ತಿಗೆ ಎರಡೂ ಮಾಡುವುದಾದರೆ ಮೊದಲು ಇವು, ಆಮೇಲೆ ನಡಿಗೆ. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಥಟ್ಟನೆ ಏರುತ್ತದೆ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಹತ್ತು-ಹನ್ನೆರಡು ಸಲ ಮಾಡುವಾಗ ಕೊನೆಯ ಎರಡು ತಿಣುಕಿಸಬೇಕು. ಸಲೀಸಾಗಿ ಮುಗಿದುಬಿಟ್ಟರೆ ಅಕ್ಕಿ ತುಂಬಿದ ಚೀಲವೊಂದನ್ನು ಎದೆಗವಚಿಕೊಂಡು ಬಸ್ಕಿ ಹೊಡೆಯಿರಿ; ಅದೂ ಸಲೀಸಾದರೆ ಚೀಲಕ್ಕೆ ಇನ್ನೊಂದು ಕಿಲೋ ಸುರಿದುಕೊಳ್ಳಿ.