ಕಡ್ಡಾಯವೆಂದು ನೀರಿಗಿಳಿದ ಹುಡುಗ

ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆ ಈಜು ಕಲಿಯಲು ಯಾರೂ ಫೀಸು ಕಟ್ಟಿದವರಲ್ಲ. ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಹತ್ತಿರದಲ್ಲೇ ಇದೆ. ತುಂಬಿದರೆ ಗೇಟು ಎತ್ತುವವರಿಗೆ ಕಾಯದೆ ಸೈಫನ್‌ಗಳ ಮೂಲಕ ನೀರು ತಾನಾಗಿ ಹೊರಬೀಳುವಂತೆ ಮೈಸೂರು ಅರಸರ ಕಾಲದಲ್ಲೇ ಕಟ್ಟಿದ ಅಣೆಕಟ್ಟೆ ಅದು. ಅದರ ನಾಲೆ, ಊರ ಕೆರೆ, ತೆಂಗಿನ ತೋಟದ ಮೆಟ್ಟಿಲು ಬಾವಿ, ಇವೇ ಈಜಿನ ಶಾಲೆಗಳು. ಒಣಗಿದ ಕತ್ತಾಳೆ ಬೆಂಡನ್ನು ಹಗ್ಗದಿಂದ ಬೆನ್ನಿಗೆ ಬಿಗಿದು, ‘ಬೀಳೋ, ನಾನಿದೀನಿ’ ಅಂತ ಚಿಕ್ಕಪ್ಪನೋ ಮಾವನೋ ಮೇಲಿಂದ ತಳ್ಳಿಬಿಡುತ್ತಿದ್ದರು. ಒಂದಷ್ಟು ನೀರು ಕುಡಿದು, ಒಂದಷ್ಟು ಅತ್ತು, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೆಂಡು ಬೇಡವಾಗುತ್ತಿತ್ತು.

ಕೈ ಬೆಳೆಯದ, ಕಾಲು ಎಳೆಯುವ ಮಗುವನ್ನು ಮಾತ್ರ ಯಾರೂ ತಳ್ಳುತ್ತಿರಲಿಲ್ಲ. ಅದಕ್ಕೆ ದಡದಲ್ಲಿ ಕೂತು ಉಳಿದವರ ಬಟ್ಟೆ ಕಾಯುವ ಕೆಲಸ. ಕೇಡು ಬಗೆದು ಮಾಡಿದ್ದಲ್ಲ, ಅಕ್ಕರೆಯಿಂದಲೇ ಮಾಡಿದ್ದು. ಅಂಥ ಅಕ್ಕರೆಯನ್ನು ದಾಟಿ ಕರ್ನಾಟಕದ ಒಬ್ಬ ಹುಡುಗ ಪ್ಯಾರಾಲಿಂಪಿಕ್ಸ್ ತನಕ ಹೋದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಮೊದಲು ಸಿಗುವುದು ಶಾಲೆಯ ಒಂದು ವೇಳಾಪಟ್ಟಿ.

ಹುಡುಗನ ಹೆಸರು ಶರತ್ ಗಾಯಕವಾಡ್. 1991ರಲ್ಲಿ ಹುಟ್ಟಿದ ಬೆಂಗಳೂರಿನವರು. ಹುಟ್ಟುವಾಗಲೇ ಎಡಗೈ ಪೂರ್ತಿ ಬೆಳೆದಿರಲಿಲ್ಲ. ಓದಿದ ಲಿಟ್ಲ್ ಫ್ಲವರ್ ಪಬ್ಲಿಕ್ ಶಾಲೆಯಲ್ಲಿ ಈಜು ತರಗತಿ ಕಡ್ಡಾಯವಾಗಿತ್ತು. ಮನೆಯವರಿಗೆ ಅಳುಕಿತ್ತು. ಇರದೆ ಇರುತ್ತದೆಯೇ? ಆದರೆ ಎಲ್ಲರೂ ಇಳಿಯಬೇಕೆಂದ ಮೇಲೆ ಇವನೂ ಇಳಿದ. ಈಜು ಐಚ್ಛಿಕವಾಗಿದ್ದರೆ, ತಂದೆ ತಾಯಿಯ ಸಹಿ ಹಾಕಿದ ಒಂದು ಚೀಟಿ ಸಾಕಿತ್ತು, ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರತಿಭೆ, ಛಲ ಎಂದೆಲ್ಲ ನಾವು ಪತ್ರಿಕೆಯವರು ಬರೆಯುತ್ತೇವೆ. ಅವೆಲ್ಲ ನೀರಿಗಿಳಿದ ಮೇಲಿನ ಮಾತು.

ಎರಡು ಕೈಗಳ ಬಲ ಒಂದೇ ಸಮ ಇಲ್ಲದಿದ್ದರೆ ದೇಹ ಒಂದು ಪಕ್ಕಕ್ಕೆ ವಾಲುತ್ತದೆ. ಒಂದು ಕೈ ಹೆಚ್ಚು ನೀರನ್ನು ಹಿಂದಕ್ಕೆಳೆಯುತ್ತದೆ, ಇನ್ನೊಂದು ಕಡಿಮೆ. ನೇರ ಹೋಗಬೇಕಾದರೆ ಆ ವ್ಯತ್ಯಾಸವನ್ನು ಕಾಲಿನ ಒದೆತದಲ್ಲಿ, ಸೊಂಟದ ತಿರುವಿನಲ್ಲಿ ತುಂಬಿಕೊಳ್ಳಬೇಕು. ಕೃತಕ ಕೈಕಾಲು ತೊಟ್ಟು ಸ್ಪರ್ಧೆಗೆ ಇಳಿಯುವಂತಿಲ್ಲ, ಇರುವ ದೇಹದಲ್ಲೇ ಈಜಬೇಕು. ಹೀಗೆ ಈಜುತ್ತಿದ್ದ ಶರತ್ ಕೋಚ್ ಜಾನ್ ಕ್ರಿಸ್ಟೋಫರ್ ಕಣ್ಣಿಗೆ ಬಿದ್ದರು. ಶಾಲೆಯ ಪೀರಿಯಡ್ಡು ದಿನನಿತ್ಯದ ಕಸರತ್ತಾದದ್ದು ಆಮೇಲೆ.

ಪ್ಯಾರಾ ಈಜನ್ನು ಮೊದಲ ಸಲ ನೋಡುವವರಿಗೆ ಗಲಿಬಿಲಿಯಾಗುವುದುಂಟು. ಒಬ್ಬರಿಗೆ ಕೈ ಗಿಡ್ಡ, ಪಕ್ಕದ ಲೇನಿನವರಿಗೆ ಕಾಲಿಲ್ಲ, ಇಬ್ಬರೂ ಒಂದೇ ಸ್ಪರ್ಧೆಯಲ್ಲಿ! ನೋಡುವುದು ನ್ಯೂನತೆ ಯಾವುದೆಂದಲ್ಲ, ಅದು ನೀರಿನಲ್ಲಿ ಎಷ್ಟು ಅಡ್ಡ ಬರುತ್ತದೆ ಎಂದು. ದೈಹಿಕ ನ್ಯೂನತೆಯವರಿಗೆ ಎಸ್1ರಿಂದ ಎಸ್10ರವರೆಗೆ ವರ್ಗಗಳಿವೆ. ಅಂಕಿ ಚಿಕ್ಕದಾದಷ್ಟೂ ತೊಡಕು ದೊಡ್ಡದು. ಎಸ್11ರಿಂದ ಎಸ್13 ದೃಷ್ಟಿದೋಷದವರಿಗೆ, ಎಸ್14 ಬೌದ್ಧಿಕ ನ್ಯೂನತೆಯವರಿಗೆ. ಶರತ್ ಅವರದು ಎಸ್8. ನಿಯಮಗಳೂ ದೇಹಕ್ಕೆ ತಕ್ಕಂತೆ ಬಾಗುತ್ತವೆ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈನಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕೆಂಬುದು ಸಾಮಾನ್ಯ ನಿಯಮ. ಒಂದು ಕೈ ಗಿಡ್ಡವಿದ್ದವರು ಎರಡನ್ನೂ ಒಟ್ಟಿಗೆ ಮುಂದೆ ಚಾಚಿದರಾಯಿತು, ಉದ್ದದ ಕೈ ಗೋಡೆ ಮುಟ್ಟಿದರೆ ಸಾಕು. ಕೈಗಳೇ ಇಲ್ಲದವರು ಬ್ಯಾಕ್‌ಸ್ಟ್ರೋಕ್ ಶುರು ಮಾಡುವಾಗ ಟವೆಲ್ಲನ್ನೋ ಪಟ್ಟಿಯನ್ನೋ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ.

ಶರತ್‌ಗೆ ಮುಂಚೆ ನಮ್ಮಲ್ಲಿ ಯಾರೂ ಇರಲಿಲ್ಲವೆಂದಲ್ಲ. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿದ್ದವರಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. ಅದೇ ಬೆಳೆದು 1960ರಲ್ಲಿ ರೋಮ್‌ನಲ್ಲಿ ಪ್ಯಾರಾಲಿಂಪಿಕ್ಸ್ ಆಯಿತು. ಈಜು ಅಲ್ಲಿ ಮೊದಲಿನಿಂದಲೂ ಇದೆ. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಬಂದದ್ದೂ ಈಜಿನಿಂದಲೇ, 1972ರಲ್ಲಿ. ನೆರೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲಿನ ಶಕ್ತಿ ಕಳೆದುಕೊಂಡರು. ಅವರಿಗೆ ಈಜು ಚಿಕಿತ್ಸೆಯಾಗಿ ಒದಗಿತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಅನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅದೇ ವರ್ಷ ಒಲಿಂಪಿಕ್ಸ್ ನಡೆದದ್ದು ಮ್ಯೂನಿಕ್‌ನಲ್ಲಿ. ಅಲ್ಲಿನ ಕ್ರೀಡಾಗ್ರಾಮವನ್ನು ವಸತಿ ಫ್ಲ್ಯಾಟ್‌ಗಳಾಗಿ ಬದಲಿಸುವ ಯೋಜನೆ ಮೊದಲೇ ಆಗಿದ್ದರಿಂದ ಅಂಗವಿಕಲರ ಕೂಟ ಬೇರೆ ಊರು ನೋಡಿಕೊಳ್ಳಬೇಕಾಯಿತು. ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ನಲವತ್ತಾರು ವರ್ಷ!

ಶರತ್ ಅಷ್ಟು ಕಾಯಬೇಕಾಗಲಿಲ್ಲ. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದರು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಅಲ್ಲಿ ಫೈನಲ್ ತಲುಪಲಾಗಲಿಲ್ಲ. ಭಾರತಕ್ಕೆ ಆ ಸಲ ಸಿಕ್ಕ ಒಂದೇ ಪದಕ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ತಂದ ಬೆಳ್ಳಿ. ಹಾಗಾಗಿ ಊರಿಗೆ ಬಂದ ಕ್ಯಾಮೆರಾಗಳೆಲ್ಲ ಗಿರೀಶರ ಕಡೆ ತಿರುಗಿದ್ದರೆ ತಪ್ಪೇನಿಲ್ಲ. ಶರತ್ ಮತ್ತೆ ಕೊಳಕ್ಕಿಳಿದರು.

ಎರಡು ವರ್ಷದ ನಂತರ, 2014ರ ಅಕ್ಟೋಬರ್‌ನಲ್ಲಿ, ದಕ್ಷಿಣ ಕೊರಿಯಾದ ಇಂಚಿಯಾನ್. ಆ ಏಷ್ಯನ್ ಪ್ಯಾರಾ ಕೂಟವೊಂದರಲ್ಲೇ ಅವರಿಗೆ ಆರು ಪದಕ: 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ, ಜೊತೆಗೆ ಐದು ಕಂಚು. ಮೆಡ್ಲೆ ಎಂದರೆ ನಾಲ್ಕೂ ಶೈಲಿಗಳನ್ನು ಒಂದರ ಹಿಂದೊಂದರಂತೆ ಈಜುವುದು. ಯಾವ ಶೈಲಿಯಲ್ಲಿ ಕೊರತೆಯಿದ್ದರೂ ಅಲ್ಲಿ ಬಯಲಾಗುತ್ತದೆ. ನನ್ನ ಮಟ್ಟಿಗೆ ಆರರಲ್ಲಿ ತೂಕದ್ದು ಅದೇ. ಆರು ಪದಕವೆಂದರೆ ಪಿ.ಟಿ. ಉಷಾ 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದ ಐದಕ್ಕಿಂತ ಒಂದು ಹೆಚ್ಚು. ಉಷಾ ಅವರದರಲ್ಲಿ ನಾಲ್ಕು ಚಿನ್ನವಿತ್ತು, ಹೋಲಿಕೆ ಸರಿಯೇ ಎಂದು ಕೇಳಿದವರೂ ಇದ್ದರೆ ಇರಲಿ. ಎಣಿಕೆ ಎಣಿಕೆಯೇ. 2015ರಲ್ಲಿ ಶರತ್‌ಗೆ ಅರ್ಜುನ ಪ್ರಶಸ್ತಿ ಬಂತು.

ಜಾನ್ ಕ್ರಿಸ್ಟೋಫರ್ ಗರಡಿಯಲ್ಲೇ ತಯಾರಾದ ಇನ್ನೊಬ್ಬರು ಬೆಂಗಳೂರಿನ ನಿರಂಜನ್ ಮುಕುಂದನ್. ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ, ಜೊತೆಗೆ ಸೊಟ್ಟ ಪಾದ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ. ಎಂಟನೇ ವಯಸ್ಸಿನಲ್ಲಿ ಅವರನ್ನು ನೀರಿಗಿಳಿಸಿದ್ದು ವೈದ್ಯರ ಸಲಹೆ, ಕಾಲಿಗೆ ಬಲ ಬರಲಿ ಎಂದು. ಅತ್ತ ಬೆಳಗಾವಿಯಲ್ಲಿ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಯ ಮೊಯಿನ್ ಜುನ್ನೇದಿಗೆ ಉಮೇಶ್ ಕಲಘಟಗಿ ಎಂಬ ಕೋಚ್ ಸಿಕ್ಕರು. ಒಬ್ಬರಿಗೆ ಶಾಲೆ, ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ಕೋಚ್. ಮೂವರೂ ನಗರದ ಮಕ್ಕಳು. ಬೆಂಗಳೂರಿಂದ ಸುಮಾರು 70 ಕಿಲೋಮೀಟರ್ ದೂರದ ಕುಣಿಗಲ್ ಸೀಮೆಯಲ್ಲಿ ನೀರಿತ್ತು, ಈಜು ಕಲಿಸುವವರೂ ಇದ್ದರು. ‘ಇವನೂ ಇಳಿಯಲಿ’ ಎನ್ನುವವರು ಇದ್ದದ್ದು ಕಮ್ಮಿ.

ನಿರಂಜನ್ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಎಸ್7 ವಿಭಾಗದ ಫೈನಲ್ ತಲುಪಿದರು. ಎಂಟು ಮಂದಿಯಲ್ಲಿ ಎಂಟನೆಯವರಾಗಿ ಗೋಡೆ ಮುಟ್ಟಿದರು.